ಅವ್ವನ ಸೆಟ್ಟು

ನಾನು ಹೊಸಪೇಟೆಯ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ದಪ್ಪ ನಿಘಂಟು ಇದೆ. ಬಾಗಿಲು ಗಾಳಿಗೆ ಬಡಿಯದಂತೆ ಅದನ್ನು ಅಡ್ಡ ಇಡುವುದೇ ಹೆಚ್ಚು, ತೆರೆಯುವುದು ಕಡಿಮೆ. ಒಮ್ಮೆ ಬಿಡುವಿದ್ದಾಗ ಧೂಳು ಕೊಡವಿ ಅದರಲ್ಲಿ ‘ಸೆಟ್’ ಎಂಬ ಶಬ್ದ ಹುಡುಕಿದೆ. ಪುಟ ತಿರುವಿದರೂ ಅದರ ಅರ್ಥ ಮುಗಿಯಲಿಲ್ಲ, ಇನ್ನೊಂದು ತಿರುವಿದೆ, ಆಗಲೂ ಮುಗಿಯಲಿಲ್ಲ. ಇಷ್ಟು ಸಣ್ಣ ಶಬ್ದಕ್ಕೆ ಇಷ್ಟು ದೊಡ್ಡ ಸಂಸಾರವೇ ಎಂದುಕೊಂಡಾಗ ನೆನಪಾದವಳು ನಮ್ಮವ್ವ. ಅವ್ವ ಆ ನಿಘಂಟನ್ನು ಕಣ್ಣಿಂದಲೂ ಕಂಡಿಲ್ಲ. ಆದರೂ ಅದರೊಳಗಿನ ಅರ್ಧ ಅರ್ಥಗಳನ್ನು ಬುಕ್ಕಸಾಗರದ ನಮ್ಮ ಮನೆಯಲ್ಲಿ ಕೂತೇ ಬಳಸಿ ಹಳೆಯದು ಮಾಡಿದ್ದಾಳೆ.

ಹೊಳೆ ದಂಡೆಯ ಮೋಟಾರು ಅವಳಿಗೆ ‘ಸೆಟ್ಟು’. ಕರೆಂಟು ಬಂತೆಂದರೆ, “ಸೆಟ್ ಚಾಲೂ ಮಾಡ ಹೋಗ್ರಿ,” ಎಂದು ಅಪ್ಪನನ್ನು ಎಬ್ಬಿಸುತ್ತಾಳೆ. ಎದ್ದ ಅಪ್ಪನ ಬಾಯಲ್ಲಿರುವುದೂ ಸೆಟ್ಟೇ. ಆ ಹಲ್ಲಿನ ಸೆಟ್ಟನ್ನು ಅಪ್ಪ ಮದುವೆ ಮುಂಜಿಗೆ ಮಾತ್ರ ಹಾಕಿಕೊಳ್ಳುತ್ತಾನೆ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಂಡ ತಕ್ಷಣ ತೆಗೆದು ಜೇಬಿಗೆ ಇಳಿಸುತ್ತಾನೆ. ಹೊಸಪೇಟೆಗೆ ಬಂದರೆ ಅವ್ವ ಸೆಟ್ ದೋಸೆ ತಿನ್ನದೆ ಬಸ್ಸು ಹತ್ತಿದವಳಲ್ಲ. ಬಳೆಗಾರರ ಅಂಗಡಿಯಲ್ಲಿ ಬಳೆ ಸೆಟ್ಟು, ಮದುವೆ ಮನೆಯಲ್ಲಿ ಬ್ಯಾಂಡ್‌ಸೆಟ್ಟು. ನಮ್ಮ ಮನೆಯ ಸ್ಲ್ಯಾಬ್ ಹಾಕಿದಾಗ ಮೇಸ್ತ್ರಿ “ಸೆಟ್ ಆಗೋತನಕ ಯಾರೂ ಮ್ಯಾಲೆ ಹತ್ತಬ್ಯಾಡ್ರಿ” ಎಂದು ಹೇಳಿ ಹೋಗಿದ್ದೇ ತಡ, ಅವ್ವ ಏಣಿಯನ್ನೇ ಎತ್ತಿಸಿ ಬಚ್ಚಲಿನ ಹಿಂದೆ ಇಡಿಸಿದ್ದಳು. ನನ್ನ ಗಂಡ ಸಂಡೂರಿನ ಗಣಿ ಕಡೆ ಕೆಲಸಕ್ಕೆ ಹೋಗುವವರು. ಅವರ ಬಾಯಲ್ಲಿ ಸೆಟ್ ಅಂದರೆ ಜನರೇಟರು. ಪರೀಕ್ಷೆ ದಿನ ನನ್ನ ಹುಡುಗರಿಗೆ ಅದು ಪ್ರಶ್ನೆಪತ್ರಿಕೆ. “ಮ್ಯಾಡಂ, ನಂದು ಸಿ ಸೆಟ್ ಬಂದೈತ್ರಿ, ಭಾಳ ಟಫ್ ಐತ್ರಿ,” ಎಂದು ಓದದವರೆಲ್ಲ ಅದರ ಮೇಲೆಯೇ ತಪ್ಪು ಹಾಕುತ್ತಾರೆ.

ಹೀಗೆ ಎಲ್ಲರ ಬಾಯಲ್ಲೂ ಹರಿದಾಡುವ ಶಬ್ದಕ್ಕೆ ಅವ್ವ ಮಾತ್ರ ತನ್ನದೇ ಒಂದು ತಳ ಕಟ್ಟಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಸೋದರಮಾವನ ಮಗನಿಗೆ ಟಿ.ಬಿ. ಡ್ಯಾಂ ಕಡೆ ಕಾಲುವೆ ಆಫೀಸಿನಲ್ಲಿ ಕೆಲಸ ಸಿಕ್ಕಾಗ “ಸೆಟ್ ಆದ ಬಿಡು” ಅಂದಳು. ಕುಂಟುತ್ತಿದ್ದ ಕುರ್ಚಿಯ ಕಾಲಿಗೆ ಬೆಣೆ ಹೊಡೆದು “ಈಗ ಸೆಟ್ ಆತು” ಅಂದಳು. ಸ್ಲ್ಯಾಬು, ಸಂಬಂಧ, ನೌಕರಿ, ಕುರ್ಚಿ ಯಾವುದೇ ಇರಲಿ, ಅವಳ ಲೆಕ್ಕದಲ್ಲಿ ಅದರ ಅರ್ಥ ಒಂದೇ. ಇನ್ನು ಕೈ ಬಿಟ್ಟರೂ ಅದು ನಿಲ್ಲುತ್ತದೆ.

ಅಕ್ಕನ ವಿಷಯದಲ್ಲಿ ಮಾತ್ರ ಆ ಮಾತು ಅವಳಿಗೆ ಹೇಳಲು ಆಗಿರಲಿಲ್ಲ. ಅಕ್ಕನನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಭಾವನದು ಅಕ್ಕಿ ಗಿರಣಿಯಲ್ಲಿ ಕೆಲಸ. ಒಳ್ಳೆಯ ಮನೆ, ಒಳ್ಳೆಯ ಜನ. ಆದರೆ ಅಕ್ಕನಿಗೆ ಗರ್ಭ ನಿಲ್ಲುತ್ತಿರಲಿಲ್ಲ. ಪ್ರತಿ ಸಲವೂ ಇನ್ನೇನು ಎಲ್ಲರಿಗೂ ಹೇಳೋಣ ಅನ್ನುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಹೊಸಪೇಟೆಯ ಲೇಡಿ ಡಾಕ್ಟರು ಏನೇನೋ ಪರೀಕ್ಷೆ ಮಾಡಿಸಿ ಧೈರ್ಯ ಹೇಳುತ್ತಿದ್ದರು. ಅಕ್ಕ ಅಳುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದವಳೇ ರೊಟ್ಟಿ ಬಡಿಯಲು ಕೂರುತ್ತಿದ್ದಳು, ಅದನ್ನು ನೋಡುವುದೇ ನಮಗೆ ಕಷ್ಟವಾಗುತ್ತಿತ್ತು. “ಯಾಕೋ ಆಕೀಗೆ ಸೆಟ್ ಆಗವಲ್ದು,” ಎಂದು ಅವ್ವ ಒಲೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ಸಂಕ್ರಾಂತಿ ಮುಗಿದ ಮೇಲೆ ನಮ್ಮ ಹೊಲಕ್ಕೆ ಸಿನಿಮಾದವರು ಬಂದರು. ಹಂಪಿಯ ಹಾಳುಗುಡಿಗಳೊಳಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಅದಕ್ಕೇ ಅವರು ಊರೂರು ಸುತ್ತಿ, ಹಿಂದೆ ಬಂಡೆಗುಡ್ಡ ಕಾಣುವ ನಮ್ಮ ಕಣ ಗೊತ್ತು ಮಾಡಿದರು. ಭತ್ತ ಒಣಗಿಸುವ ಆ ಜಾಗದಲ್ಲಿ ನೋಡುನೋಡುತ್ತ ಕಲ್ಲಿನ ಗುಡಿ ಎದ್ದಿತು. ಕಂಬ ಬಡಿದರೆ ಖಾಲಿ ಡಬ್ಬಿಯ ಸದ್ದು. ಗೋಡೆಯೆಲ್ಲ ಪ್ಲೈವುಡ್ಡು, ಥರ್ಮಾಕೋಲು. ಗುಡಿಯೊಳಗೆ ಆಳೆತ್ತರದ ಒಬ್ಬ ದೇವಿ. ಬಿದಿರು, ಗೋಣಿ, ಪಿಓಪಿ ಸೇರಿಸಿ ಮಾಡಿದ್ದು ಅಂತ ಗೊತ್ತಿದ್ದೂ ನಾನು ಎದುರು ನಿಂತಾಗ ಚಪ್ಪಲಿ ಬಿಟ್ಟೆ. ಅಷ್ಟು ತಂಪಾದ ಕಣ್ಣು ಬರೆದಿದ್ದರು. “ಸಿನಿಮಾದವರ ಸೆಟ್ಟು” ಎಂದು ಊರೆಲ್ಲ ನೋಡಲು ಬಂತು.

ನಮ್ಮ ಕಡೆ ದೇವರಿಗೇನು ಬರವಿಲ್ಲ. ಹೊಲದ ಬದುವಿನಲ್ಲಿ, ಹೊಳೆಯ ಬಂಡೆಯ ಮೇಲೆ, ಬಾಳೆತೋಟದ ನಡುವೆ ಎಲ್ಲಿ ನೋಡಿದರೂ ಕಲ್ಲಿನ ಮೂರ್ತಿಗಳು. ಆದರೆ ಒಂದಕ್ಕೆ ಮೂಗಿಲ್ಲ, ಒಂದಕ್ಕೆ ತೋಳಿಲ್ಲ. ಭಿನ್ನವಾದ ದೇವರಿಗೆ ದೀಪ ಹಚ್ಚುವ ಹಾಗಿಲ್ಲ, ಮನೆಗೆ ಒಳ್ಳೆಯದಲ್ಲ ಎನ್ನುವುದು ನಾವು ಮಾತು ಕಲಿಯುವ ಮೊದಲೇ ಕಲಿತ ಪಾಠ. ಅದಕ್ಕೇ ಅವುಗಳ ಹೆಗಲ ಮೇಲೆ ಟವೆಲ್ಲು ಒಣಗುತ್ತವೆ, ಮೇಕೆ ಬೆನ್ನು ತಿಕ್ಕಿಕೊಳ್ಳುತ್ತವೆ, ಯಾರೂ ಕೈ ಮುಗಿಯುವುದಿಲ್ಲ. ಇಂಥ ಊರಿಗೆ ಮೂಗು, ಕೈ, ಕಾಲು ಎಲ್ಲ ನೆಟ್ಟಗಿದ್ದ ಒಬ್ಬ ದೇವಿ ಬಂದಿದ್ದಳು. ಮೇಲಾಗಿ ಮೊದಲ ದಿನ ಸಿನಿಮಾದವರೇ ಅವಳ ಮುಂದೆ ಕಾಯಿ ಒಡೆದು ಮಂಗಳಾರತಿ ಮಾಡಿದ್ದರು. ಅದು ಕ್ಯಾಮೆರಾಕ್ಕೆ ಮಾಡಿದ ಪೂಜೆ ಎಂದು ನಾನು ಹೇಳಿದರೆ ಅವ್ವನಿಗೆ ಅದು ಪಥ್ಯವಾಗಲಿಲ್ಲ. “ಕಾಯಿ ಒಡದೈತಿ, ಆರತಿ ಆಗೈತಿ. ಇನ್ನೇನು ಬೇಕಿತ್ತು ನಿನಗ?”

ಒಂದು ಭಾನುವಾರ ನಾನೂ ಊರಲ್ಲಿದ್ದೆ. ಅವತ್ತಿನ ದೃಶ್ಯಕ್ಕೆ ಭಕ್ತರು ಬೇಕಾಗಿ ಊರಿನ ಹೆಂಗಸರನ್ನೇ ಸಾಲಾಗಿ ಕೂರಿಸಿದರು. ಬೆಂಗಳೂರಿನಿಂದ ಬಂದಿದ್ದ ಸಹಾಯಕ ನಿರ್ದೇಶಕ ಎಳೆ ಹುಡುಗ, ಬಿಸಿಲಿಗೆ ಮೂಗು ಸುಲಿದುಹೋಗಿತ್ತು. ಅವನು ಅವ್ವನ ಹತ್ತಿರ ಬಗ್ಗಿ, “ಅಮ್ಮ, ಸುಮ್ನೆ ಕೈ ಮುಗಿದ್ರೆ ಆಗಲ್ಲ. ನಿಜವಾಗಿ ಏನಾದ್ರೂ ಬೇಡ್ಕೊಳ್ಳಿ. ಮುಖದಲ್ಲಿ ಕಾಣ್ಬೇಕು,” ಎಂದ. ಅವ್ವ ತಲೆಯಾಡಿಸಿದಳು. ಸೆರಗು ಹೊದ್ದುಕೊಂಡಳು. ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿದ್ದು ದೂರದಲ್ಲಿ ನಿಂತ ನನಗೂ ಕಾಣಿಸಿತು. ಲೈಟು ಸರಿಬರಲಿಲ್ಲವೆಂದು ಮತ್ತೊಮ್ಮೆ ಮಾಡಿಸಿದರು. ಯಾರೋ ಕೆಮ್ಮಿದರೆಂದು ಇನ್ನೊಮ್ಮೆ. ಪ್ರತಿ ಸಲವೂ ಅವ್ವನ ತುಟಿ ಅಷ್ಟೇ ಶ್ರದ್ಧೆಯಿಂದ ಅಲ್ಲಾಡಿತು.

ಸಂಜೆ ಮನೆಗೆ ಬರುವಾಗ ದಾರಿಯಲ್ಲಿ ಅವ್ವ ದನಿ ತಗ್ಗಿಸಿ ಹೇಳಿದಳು. “ನಿಮ್ಮಕ್ಕಗ ಮತ್ತ ನಿಂತೈತಿ. ಯಾರ ಮುಂದೂ ಅನ್ನಬ್ಯಾಡ. ಈ ಸಲ ಕೂಸು ಕೈಗೆ ಬಂದ್ರ ತೊಟ್ಟಲ ಕಟ್ತೀನಿ ಅಂತ ಹರಕಿ ಹೊತ್ತೀನಿ.”

“ಯಾವ ದೇವರಿಗೆ?”

“ಯಾವ ದೇವರಿಗೆ ಅಂದ್ರ? ಎದುರಿಗೆ ಕುಂತಾಕೀಗೆ.”

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. “ಅವ್ವಾ, ಅದು ಸೆಟ್ಟು. ಒಳಗ ಬಿದಿರು, ಗೋಣಿಚೀಲ ಅದಾವು.”

“ನಿನ್ನೊಳಗೂ ಎಲುಬು, ನರ ಅದಾವು. ಅದಕ್ಕ ನನ್ನ ಮಗಳಲ್ಲ ಅಂದ್ನೇನು?”

ಭಕ್ತರಾಗಿ ಕೂತವರಿಗೆ ಸಿನಿಮಾದವರು ಕೂಲಿ ಕೊಟ್ಟಾಗ ಅವ್ವ ತೆಗೆದುಕೊಂಡಿರಲಿಲ್ಲವಂತೆ. ಬೇಡಿಕೊಳ್ಳುವುದಕ್ಕೆ ಕೂಲಿ ತಗೊಂಡರೆ ಹರಕೆ ಮುಟ್ಟುವುದಿಲ್ಲ ಎಂದು ಅವಳ ವಾದ. ಅವರ ಊಟವನ್ನು ಮಾತ್ರ ಎರಡು ಸಲ ಪಲ್ಯ ಹಾಕಿಸಿಕೊಂಡು ಉಂಡಿದ್ದಳು. ರಾತ್ರಿ ಊಟದ ಹೊತ್ತಿಗೆ ವಿಷಯ ಅಪ್ಪನಿಗೂ ಗೊತ್ತಾಯಿತು. “ಮೂರು ಸಲ ಬೇಡೀಯಂತಲ್ಲ. ಹಂಗಾದ್ರ ಮೂರು ತೊಟ್ಟಲ ಕಟ್ಟಾಕ ತಯಾರಾಗು,” ಎಂದು ಅಪ್ಪ ಛೇಡಿಸಿದ. ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಬಡಿದ ಹಾಗೆ ಹಾಕಿದಳು.

ಶಿವರಾತ್ರಿಯ ಸುಮಾರಿಗೆ ಶೂಟಿಂಗ್ ಮುಗಿಯಿತು. ಕಂಬಗಳು ಮಡಚಿಕೊಂಡು ಲಾರಿ ಹತ್ತತೊಡಗಿದವು. ಅವ್ವ ಫೋನ್ ಮಾಡಿ, “ಜಲ್ದಿ ಬಾ. ದೇವೀನ ಕೆಡವಾಕತ್ತಾರ,” ಅಂದಳು. ನಾನು ಕಾಲೇಜು ಮುಗಿಸಿ ಸ್ಕೂಟಿ ಓಡಿಸಿಕೊಂಡು ಹೋದಾಗ ಕಣದಲ್ಲಿ ಉಳಿದಿದ್ದವರು ಅವ್ವ, ದೇವಿ ಮತ್ತು ಸೆಟ್ ಕಟ್ಟಿದ ಹಿರಿಯ ಬಡಗಿ. ಆತ ಆಂಧ್ರದ ಕಡೆಯವನು. ಅವ್ವನಿಗೆ ಗಡಿಯ ತೆಲುಗು ಬರುತ್ತದೆ, ಆತನಿಗೆ ಸೆಟ್ ಕಟ್ಟುತ್ತ ಕಲಿತ ಕನ್ನಡ ಬರುತ್ತದೆ. ಇಬ್ಬರೂ ಮರ್ಯಾದೆಗೆ ಎದುರಿನವರ ಭಾಷೆಯನ್ನೇ ಆಡುತ್ತ ಜಗಳಕ್ಕೆ ನಿಂತಿದ್ದರು.

ಆತ ನನ್ನನ್ನು ನೋಡಿ, “ನೀವಾದ್ರೂ ಹೇಳಿ ಮೇಡಂ. ಇದು ಒಂದು ಮಳೆ ತಡಿಯಲ್ಲ,” ಅಂದ.

“ಭಾದ್ರಪದತನಕ ತಡದ್ರ ಸಾಕ್ರಿ ಅಣ್ಣಾರ,” ಅಂದಳು ಅವ್ವ, ತೆಲುಗು ಬಿಟ್ಟು. “ನಮ್ಮ ಹುಡುಗಿ ಹೆರೋತನಕ. ಆಮ್ಯಾಲೆ ಆಕೀ ಇಷ್ಟ.”

ಆತ ಅವ್ವನ ಮುಖ ನೋಡಿದ, ದೇವಿಯ ಮುಖ ನೋಡಿದ. ಮೇಲಿನವರಿಗೆ ಫೋನ್ ಮಾಡಿ ತೆಲುಗಿನಲ್ಲಿ ಏನೋ ಮಾತಾಡಿದ. ಆಮೇಲೆ ಲಾರಿಯಿಂದ ಒಂದು ಡಬ್ಬಿ ವಾರ್ನಿಷ್ ಇಳಿಸಿ, ಕತ್ತಲಾಗುವವರೆಗೂ ಒಬ್ಬನೇ ಕೂತು ದೇವಿಗೆ ಮುಂದೆ, ಹಿಂದೆ, ಕಿವಿಯ ಸಂದಿಗೂ ಬಿಡದೆ ಬಳಿದ. ಹೋಗುವಾಗ ತಾನೂ ಒಂದು ಸಲ ಕೈ ಮುಗಿದು ಹೋದ.

ನಾನು ಅವ್ವನಿಗೆ ಬುದ್ಧಿ ಹೇಳುವ ಕೊನೆಯ ಪ್ರಯತ್ನ ಮಾಡಿದೆ. ಹಂಪಿ ಬಜಾರಿನ ಎದುರಿಗೆ ಅಷ್ಟು ದೊಡ್ಡ ಗುಡಿ ಇದೆ, ಅಲ್ಲಿ ದೇವಿಯೂ ಇದ್ದಾಳೆ, ಹರಕೆಯನ್ನು ಅಲ್ಲಿಗೆ ಬದಲಿಸಿಕೊಂಡರಾಯಿತು ಎಂದೆ. “ಉಂಡದ್ದು ಒಬ್ಬರ ಮನ್ಯಾಗ, ಕೈ ತೊಳಿಯೋದು ಇನ್ನೊಬ್ಬರ ಮನ್ಯಾಗೇನು?” ಎಂದಳು.

ಆಮೇಲಿನ ತಿಂಗಳುಗಳು ನಮಗೆಲ್ಲ ವಿಚಿತ್ರವಾಗಿ ಹಿತವಾಗಿದ್ದವು. ಅಕ್ಕನ ಹೊಟ್ಟೆ ಕಂಪ್ಲಿಯಲ್ಲಿ ಬೆಳೆಯುತ್ತಿತ್ತು, ದೇವಿ ಬುಕ್ಕಸಾಗರದಲ್ಲಿ ಕೂತಿದ್ದಳು. ಕೇರಿಯ ಹೆಂಗಸರು ಮಂಗಳವಾರ, ಶುಕ್ರವಾರ ಹೂವು ತರುತ್ತಿದ್ದರು. ಬೇಸಿಗೆ ಭತ್ತ ಕೊಯ್ದಾಗ ಕಣದ ಅರ್ಧ ಜಾಗ ದೇವಿಗೆ ಹೋಯಿತೆಂದು ಅಪ್ಪ ಗೊಣಗಿದ. ಗೊಣಗುತ್ತಲೇ ಅವಳ ಸುತ್ತ ದಾರಿ ಬಿಟ್ಟು ಭತ್ತ ಹರವಿದ. ಮನೆಯಲ್ಲಿದ್ದ ತಾಡಪಾಲುಗಳಲ್ಲಿ ಹರಿಯದ ಒಳ್ಳೆಯದೊಂದನ್ನು ಅವ್ವ ದೇವಿಗೆ ಹೊದಿಸಿ ಹಗ್ಗ ಬಿಗಿದಿದ್ದಳು.

ನನಗಾಗ ರಜೆ. ಒಂದು ಸಂಜೆ ಆನೆಗೊಂದಿ ದಿಕ್ಕಿನಿಂದ ಕಪ್ಪಗೆ ಮೋಡ ಎದ್ದು ಗಾಳಿ ಬೀಸಿತು. ನಾವು ಮೂವರೂ ಕಣಕ್ಕೆ ಓಡಿದೆವು. ಭತ್ತವನ್ನು ರಾಶಿ ಮಾಡಿ ಹರಿದ ತಾಡಪಾಲು ಎಳೆದರೆ ಅರ್ಧಕ್ಕೆ ಬಂತು, ಅರ್ಧ ಬಯಲಾಯಿತು. ಹನಿ ಬೀಳತೊಡಗಿದವು. ಅಪ್ಪ ದೇವಿ ಹೊದ್ದಿದ್ದ ತಾಡಪಾಲಿನ ಕಡೆ ನೋಡಿದ. ಅವ್ವ ತಾನೇ ಹೋಗಿ ಹಗ್ಗ ಬಿಚ್ಚಿದಳು. “ತಗೋರಿ. ಅನ್ನ ತೋಯಬಾರದು. ಆಕಿಗೂ ಗೊತ್ತಾಗತೈತಿ,” ಎಂದು ತಾಡಪಾಲನ್ನು ಅಪ್ಪನ ಕಡೆ ನೂಕಿದಳು.

ದೇವಿಯ ಮೇಲೆ ಒಂದು ಹಳೆ ಕೌದಿ ಹಿಡಿದು ನಾನೂ ಅವ್ವನೂ ಎರಡು ಕಡೆ ನಿಂತೆವು. ಗಾಳಿ ಕೌದಿಯನ್ನೂ ಕಸಿಯಿತು, ನಮ್ಮನ್ನೂ ನೂಕಾಡಿತು. ಮಳೆ ಬಹಳ ಹೊತ್ತು ಹೊಡೆಯಿತು. ದೇವಿಯ ಬಲತೋಳು ಜಾರಿ ನನ್ನ ಕಾಲ ಹತ್ತಿರ ನಾದಿದ ಹಿಟ್ಟಿನ ಉಂಡೆಯಂತೆ ಬಿತ್ತು. ಮೂಗಿನ ತುದಿ ಯಾವಾಗ ಹೋಯಿತೋ ಕಾಣಲಿಲ್ಲ. ಮಳೆ ನಿಂತ ಮೇಲೆ ಅವ್ವ ಆ ಮುಖವನ್ನೇ ನೋಡುತ್ತ ನಿಂತಳು. ದೇವಿ ಭಿನ್ನವಾಗಿದ್ದಳು.

ಮರುದಿನ ಅವ್ವ ಅಕ್ಕನಿಗೆ ಫೋನ್ ಮಾಡಲಿಲ್ಲ. ಅದರ ಮರುದಿನವೂ ಮಾಡಲಿಲ್ಲ. ಫೋನ್ ಬಂದರೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅವಳಿಗೆ ಏನು ಹೆದರಿಕೆ ಎಂದು ತಿಳಿದು ನನಗೆ ಮರುಕವೂ ಬಂತು, ತಾಳ್ಮೆಯೂ ಕೆಟ್ಟಿತು. ಅವ್ವನ ಎದುರೇ ಕೂತು ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಇಟ್ಟೆ.

“ಏನಕ್ಕ, ಏನ್ ಮಾಡಾಕತ್ತಿ?”

“ಮಿರ್ಚಿ ತಿನ್ನಾಕತ್ತೀನಿ. ನಿಮ್ಮ ಭಾವ ಕಟ್ಟಿಸ್ಕೊಂಡು ಬಂದಾರ. ಯಾಕ, ಅವ್ವ ಆರಾಮ ಅದಾಳಿಲ್ಲೋ?”

ಅವ್ವ ಫೋನಿನ ಕಡೆ ಬಗ್ಗಿದಳು. “ಖಾರ ಭಾಳ ತಿನ್ನಬ್ಯಾಡವಾ,” ಎಂದಷ್ಟೇ ಹೇಳಿದಳು.

ಆ ಮಳೆಯ ದಿನದಿಂದ ದೇವಿಗೆ ಹೂವು ತರುವವರು ಬರುವುದು ನಿಂತಿತು. ಪಕ್ಕದ ಮನೆಯ ಹಿರಿಯಳು, “ಹೊಳಿಗೆ ಬಿಟ್ಟು ಬರ್ರಿ, ಮನೀಗೆ ಬಸುರಿ ಬರೋದೈತಿ,” ಎಂದು ಎಚ್ಚರಿಸಿದಳು. ಅವ್ವ ಬಿಡಲಿಲ್ಲ. ಹಾಗಂತ ದೀಪವನ್ನೂ ಹಚ್ಚಲಿಲ್ಲ. ತಾಡಪಾಲು ಮತ್ತೆ ಹೊದಿಸಿ, ಸಂಜೆ ಮೊರದಲ್ಲಿ ಅಕ್ಕಿ ತೆಗೆದುಕೊಂಡು ಹೋಗಿ ಅವಳ ಪಕ್ಕ ಕೂತು ಕಲ್ಲು ಆರಿಸುತ್ತಿದ್ದಳು. ಕೊಟ್ಟ ಮಾತು ಯಾರಿಗೆ ಕೊಟ್ಟಿದೆಯೋ ಅವರಿಗೇ ತೀರಿಸಬೇಕು. ಆದರೆ ಭಿನ್ನವಾದವಳಿಗೆ ತೀರಿಸಿದರೆ ಕೂಸಿಗೆ ಏನಾದರೂ ತಟ್ಟಿದರೆ? ಅವ್ವ ಈ ಎರಡರ ನಡುವೆ ಒಳಗೊಳಗೇ ಸೊರಗಿದಳು. ಕಡೆಗೆ ನಾನೇ ಹಂಪಿಗೆ ಕರೆದುಕೊಂಡು ಹೋದೆ. ಗುಡಿಯ ಅರ್ಚಕರು ಎಲ್ಲ ಕೇಳಿ, ನಗದೆ, “ಎಲ್ಲಾ ರೂಪನೂ ಆಕೀದೇ ತಾಯಿ. ಇಲ್ಲೇ ಕಟ್ರಿ, ಸಲ್ತದ,” ಎಂದು ಸಮಾಧಾನ ಹೇಳಿದರು. ಅವ್ವ ತಲೆಬಾಗಿ ಹೂಂ ಅಂದಳು. ಸದ್ಯ, ಬಗೆಹರಿಯಿತು ಎಂದು ನಾನು ನಿಶ್ಚಿಂತಳಾದೆ.

ಗೌರಿ ಹಬ್ಬದ ಎದುರಿಗೆ ಅಕ್ಕ ಹೊಸಪೇಟೆಯಲ್ಲಿ ಹೆತ್ತಳು. ಹೆಣ್ಣುಮಗು. ಡಾಕ್ಟರಮ್ಮ ಕೂಸನ್ನು ತಂದು ಅವ್ವನ ಕೈಯಲ್ಲಿಟ್ಟಾಗ ಅವ್ವ ಮೊದಲು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಅಪ್ಪ ಆಸ್ಪತ್ರೆಗೆ ಹಲ್ಲಿನ ಸೆಟ್ಟು ಹಾಕಿಕೊಂಡೇ ಬಂದಿದ್ದ, ಬಂದವರಿಗೆಲ್ಲ ಪೇಡೆ ಹಂಚುತ್ತ ಅದನ್ನು ಧಾರಾಳವಾಗಿ ತೋರಿಸಿದ. ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದು ನೆನಪಿಲ್ಲ.

ಬಾಣಂತನ ಬುಕ್ಕಸಾಗರದ ಮನೆಯಲ್ಲೇ ಆಯಿತು. ತಿಂಗಳು ಕಳೆದು, ನವರಾತ್ರಿಯ ಒಂದು ಶುಕ್ರವಾರ ಹಂಪಿಗೆ ಹೋಗಿ ತೊಟ್ಟಿಲು ಕಟ್ಟುವುದೆಂದು ಗೊತ್ತು ಮಾಡಿದೆವು. ಕಿನ್ನಾಳದ ಬಣ್ಣದ ಪುಟ್ಟ ತೊಟ್ಟಿಲು ತರಿಸಿದ್ದೆ, ಅಂಗೈ ಮೇಲೆ ಕೂರುವಂಥದ್ದು. ಬೆಳಿಗ್ಗೆ ಆಟೋ ಬಂದು ಬಾಗಿಲಲ್ಲಿ ನಿಂತಿತು. ಅಕ್ಕ ಮಗುವನ್ನು ಕೌದಿಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಅವ್ವ ತೊಟ್ಟಿಲು, ಕಾಯಿ, ದೀಪದ ಬುಟ್ಟಿ ಎತ್ತಿಕೊಂಡು ಆಟೋ ದಾಟಿ ಕಣದ ಹಾದಿ ಹಿಡಿದಳು. ನಾನು ಕೂಗಿ ಕರೆದರೂ ತಿರುಗಲಿಲ್ಲ. ಅಪ್ಪ ಅವಳ ಬೆನ್ನು ನೋಡುತ್ತ, “ನೀವೂ ಹೋಗ್ರಿ,” ಎಂದು ನಮಗೆ ಹೇಳಿ, ಆಟೋದವನನ್ನು ಚಹಾಕ್ಕೆ ಒಳಗೆ ಕರೆದ.

ನಾವು ಹೋಗುವಷ್ಟರಲ್ಲಿ ಅವ್ವ ತಾಡಪಾಲು ತೆಗೆದಿದ್ದಳು. ಇಡೀ ಮಳೆಗಾಲ ಕಳೆದ ಮುಖ ಅದು. ಬಣ್ಣ ಇಳಿದು ಕೆನ್ನೆಯ ಮೇಲೆ ಗೆರೆ ಮೂಡಿದ್ದವು. ಬಲತೋಳು ಇದ್ದಲ್ಲಿ ಬಿದಿರಿನ ದಬ್ಬೆ ಚಾಚಿಕೊಂಡಿತ್ತು. ಅವ್ವ ದೀಪ ಹಚ್ಚಿದಳು. ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆಯೇ ನಿಂತಳು.

“ಅವ್ವಾ, ಭಿನ್ನ ಆಗ್ಯಾಳಲ್ಲ. ಕೂಸಿಗೆ ಏನರ ಆದ್ರ?”

ಅವ್ವ ತಿರುಗಿ ನೋಡದೆ ಹೇಳಿದಳು. “ತನ್ನ ಹೊದಿಕಿ ನಮ್ಮ ಅನ್ನಕ್ಕ ಕೊಟ್ಟು ಮಳ್ಯಾಗ ನಿಂತಾಕಿ ಆಕಿ. ನಿನ್ನ ಮಗಳು ಬರೋತನಕ ಬೀಳಲಿಲ್ಲ. ಕೈ ಹೋತಂತ ಹೆತ್ತಾಕಿನ್ನ ಯಾರರ ಹೊಳಿಗೆ ಹಾಕ್ತಾರೇನವಾ?”

ಅಷ್ಟು ವರ್ಷ ಆಸ್ಪತ್ರೆಯಿಂದ ಬಂದರೂ ಅಳದಿದ್ದ ಅಕ್ಕ ಅಲ್ಲಿ, ಕಣದ ನಡುವೆ, ದನಿ ತೆಗೆದು ಅತ್ತಳು. ನಾನು ಅವಳ ಕೈಯಿಂದ ಮಗುವನ್ನು ತೆಗೆದುಕೊಂಡೆ. ಅವ್ವ ದಬ್ಬೆಗೆ ತೊಟ್ಟಿಲು ಕಟ್ಟಲು ನೋಡಿದಳು, ನುಣುಪು ಬಿದಿರಿಗೆ ದಾರ ನಿಲ್ಲದೆ ಜಾರುತ್ತಿತ್ತು. ಅಕ್ಕ ಕಣ್ಣೊರೆಸಿಕೊಂಡು ಮುಂದೆ ಬಂದು, ಅವ್ವನ ಕೈಯಿಂದ ದಾರ ಇಸಿದುಕೊಂಡು, ಆ ಮುರಿದ ತೋಳಿಗೆ ತಾನೇ ಬಿಗಿಯಾಗಿ ಗಂಟು ಹಾಕಿದಳು.